ಕೊನೆಯ ಪುಟವಿಲ್ಲದ ಪ್ರತಿ

ಪುಸ್ತಕ ಕೈಗೆ ಬಂದರೆ ಎಲ್ಲರೂ ಮೊದಲ ಪುಟ ತೆರೆಯುತ್ತಾರೆ. ನಾನು ಅದನ್ನು ಮಗುಚಿ, ಕೊನೆಯ ಪುಟ ಇದೆಯೇ ಎಂದು ನೋಡುತ್ತೇನೆ. ಓದುವುದಿಲ್ಲ, ಇದೆಯೋ ಇಲ್ಲವೋ ಅಷ್ಟೇ. ಅಂಗಡಿಯಲ್ಲೂ ಹಾಗೆ, ಗ್ರಂಥಾಲಯದಲ್ಲೂ ಹಾಗೆ. ಒಮ್ಮೆ ಮದುವೆಯ ಕರೆಯೋಲೆಯನ್ನು ಹೀಗೆ ಹಿಂದಿನಿಂದ ನೋಡುತ್ತಿದ್ದಾಗ ನನ್ನ ಹೆಂಡತಿ ವಸಂತಿ, “ಎಂತ, ಕೊನೆಗೆ ಕೊಲೆ ಮಾಡಿದವ ಯಾರು ಅಂತ ಇದರಲ್ಲಿಯೂ ಹುಡುಕುದಾ?” ಎಂದು ಕೇಳಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ನನ್ನದು ಹುಟ್ಟುಗುಣವೂ ಅಲ್ಲ, ಹೋಟೆಲಿನ ಪಾರ್ಸೆಲ್ ಕೌಂಟರಿನಿಂದ ಮನೆಗೆ ಬಂದ ಗುಣ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಅಪ್ಪ ಠಾಣೆ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಪಾರ್ಸೆಲ್ ಕಟ್ಟುತ್ತಿದ್ದರು. ನಾವಿದ್ದದ್ದು ಖಾಡಿಯ, ಅಂದರೆ ಊರೊಳಗೆ ನುಗ್ಗಿದ ಸಮುದ್ರದ ಹಿನ್ನೀರಿನ ಆಚೆ, ಕಳವಾ ಎಂಬಲ್ಲಿನ ಚಾಳಿನ ಒಂದೇ ಕೋಣೆಯಲ್ಲಿ. ಆಗ ಪಾರ್ಸೆಲ್ ಎಂದರೆ ಬಾಳೆಲೆಯ ತುಂಡು, ಅದರ ಸುತ್ತ ಕಾಗದ, ಕಾಗದದ ಸುತ್ತ ನೂಲು. ಕಾಗದಕ್ಕಾಗಿ ಹೋಟೆಲಿನವರು ರದ್ದಿ ಅಂಗಡಿಯಿಂದ ಕಟ್ಟುಗಟ್ಟಲೆ ಹಳೆಯ ಪುಸ್ತಕ, ಪತ್ರಿಕೆ ತರಿಸುತ್ತಿದ್ದರು. ಆ ಕಟ್ಟುಗಳಲ್ಲಿ ಮಕ್ಕಳ ಚಿತ್ರಕಥೆಗಳು, ಈಗಿನವರು ಕಾಮಿಕ್ಸ್ ಎನ್ನುವವು, ಧಾರಾಳವಾಗಿ ಇರುತ್ತಿದ್ದವು. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹರಿಯುವುದಕ್ಕೆ ಅವರಲ್ಲಿ ಒಂದು ಶಾಸ್ತ್ರವಿತ್ತು. ಪುಸ್ತಕದ ಮುಖ ಹರಿಯಬಾರದು, ಅಲ್ಲಿ ಸರಸ್ವತಿ ಇರುತ್ತಾಳೆ. ಹಾಗಾಗಿ ಹಿಂದಿನಿಂದ ಹರಿಯಬೇಕು. ಹರಿಯಲು ಹೊರಟ ಹಾಳೆಯಲ್ಲಿ ದೇವರ ಚಿತ್ರ ಕಂಡರೆ ಆ ಪುಸ್ತಕವನ್ನೇ ಮುಟ್ಟಬಾರದು, ದೇವರ ಮುಖಕ್ಕೆ ಚಟ್ನಿ ಮೆತ್ತುವುದು ಪಾಪ. ಮಧ್ಯಾಹ್ನ ಗಿರಾಕಿಗಳು ಕೌಂಟರ್ ಬಡಿಯುತ್ತಿದ್ದಾಗಲೂ ಅಪ್ಪ ಈ ನೇಮ ಬಿಟ್ಟವರಲ್ಲ. ಅರ್ಧ ಹರಿದು ಉಳಿದವು, ದೇವರ ದಯೆಯಿಂದ ಪಾರಾದವು, ಎರಡನ್ನೂ ಅವರು ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದರು.

ಪರಿಣಾಮ ಏನಾಯಿತೆಂದರೆ, ಕೊನೆ ಗೊತ್ತಿದ್ದ ಕಥೆಗಳು ಮಾತ್ರ ನಮಗೆ ಪೂರ್ತಿ ಸಿಗುತ್ತಿದ್ದವು. ರಾವಣ ಸಾಯುತ್ತಾನೆ ಎನ್ನುವುದು ನಮ್ಮ ಚಾಳಿನ ಬೆಕ್ಕಿಗೂ ಗೊತ್ತಿತ್ತು. ಆದರೆ ಗುಹೆಯೊಳಗೆ ಹೋದ ಪತ್ತೇದಾರ ಹೊರಗೆ ಬಂದನೇ, ಬಾವಿಯ ದೆವ್ವ ನಿಜವಾಗಿ ದೆವ್ವವೇ ಅಥವಾ ಪಕ್ಕದ ಮನೆಯ ಮಾವನೇ, ಅದೆಲ್ಲ ಬಟಾಟೆವಡೆ ಸುತ್ತಿಕೊಂಡು ಠಾಣೆಯ ಯಾರ ಯಾರದೋ ಮನೆಗೆ ಹೋಗಿಬಿಟ್ಟಿರುತ್ತಿತ್ತು.

ಹೋದ ಕೊನೆಗಳನ್ನೆಲ್ಲ ನನಗೆ ಮರಳಿ ತಂದುಕೊಡುತ್ತಿದ್ದವಳು ಸುಮತಿ ಅಕ್ಕ. ನನಗಿಂತ ಐದು ವರ್ಷ ದೊಡ್ಡವಳು. ನಾನು ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಎರಡನೆಯ ತರಗತಿಯಲ್ಲಿದ್ದಾಗ ಅವಳಿಗೆ ಹಿಂದಿ ಅಕ್ಷರ ಬರುತ್ತಿತ್ತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹಿಂದಿಯಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋಗಿ, ಹಾಳೆ ಮುಗಿದಲ್ಲಿ ನಿಲ್ಲದೆ ಹಾಗೆಯೇ ಮುಂದೆ ಹೋಗುತ್ತಿದ್ದಳು. “ಇಲ್ಲಿ ಪುಟವೇ ಇಲ್ಲ, ನಿನಗೆ ಹೇಗೆ ಗೊತ್ತು?” ಎಂದು ಕೇಳಿದರೆ, “ನಮ್ಮ ಕ್ಲಾಸಿನ ಮೀನಾಕ್ಷಿ ಹತ್ರ ಇಡೀ ಪುಸ್ತಕ ಉಂಟು” ಎಂಬುದು ಅವಳ ಉತ್ತರ. ಆ ಮೀನಾಕ್ಷಿಯನ್ನು ನಾನು ಒಮ್ಮೆಯೂ ಕಂಡದ್ದಿಲ್ಲ.

ಇದೆಲ್ಲ ನೆನಪಾದದ್ದು ಈಚೆಗೆ, ಒಂದು ಭಾನುವಾರ ವಾಶಿಗೆ ಹೋದಾಗ. ಅಲ್ಲಿ ಕಾಮಿಕ್ಸ್ ಪ್ರೇಮಿಗಳ ದೊಡ್ಡ ಮೇಳ. ನನ್ನ ಮಗಳು ಮೈತ್ರಿ ಕಾಲೇಜಿನ ಹುಡುಗಿ, ಯಾವುದೋ ಆಕಾಶಲೋಕದ ಯೋಧೆಯ ವೇಷ ಹಾಕಿದ್ದಳು. ರಟ್ಟಿನಿಂದ ಮಾಡಿದ ಎರಡು ಬಿಳಿ ರೆಕ್ಕೆ, ತಲೆಗೆ ಬೆಳ್ಳಿ ಬಣ್ಣದ ಚೌರಿ. ಡೊಂಬಿವಲಿಯಿಂದ ಲೋಕಲ್ಲಿನಲ್ಲಿ ರೆಕ್ಕೆ ಸಮೇತ ಹೋಗುವುದೆಂದರೆ ಸಾಮಾನ್ಯ ಸಾಹಸವಲ್ಲ. ಅದೂ ಭಾನುವಾರ, ಹಳಿ ದುರಸ್ತಿಯ ಮೆಗಾಬ್ಲಾಕ್ ಎಂದು ಅರ್ಧ ಗಾಡಿಗಳು ರದ್ದು. ಗರ್ದಿಯಲ್ಲಿ ಒಬ್ಬರು ಅಜ್ಜ, “ಅಹೋ, ಪಂಖ್ ವರ್ ಠೇವಾ” ಎಂದು, ಜನ ಛತ್ರಿ ಚೀಲ ಇಡುವ ಹಲಗೆಯ ಮೇಲೆ ಅವಳ ರೆಕ್ಕೆಗಳನ್ನು ಎತ್ತಿಡಿಸಿದರು. ಒಬ್ಬರೂ ನಗಲಿಲ್ಲ. ನಮ್ಮ ಲೋಕಲ್ಲಿನ ಜನ ಮೀನಿನ ಬುಟ್ಟಿ, ಗಣಪತಿ, ಹೊಲಿಗೆಯಂತ್ರ ಎಲ್ಲ ನೋಡಿದವರು, ರೆಕ್ಕೆಗೆ ಬೆರಗಾಗುತ್ತಾರೆಯೇ?

ನಾನು ಹೋದದ್ದು ಮಗಳ ರೆಕ್ಕೆ ಕಾಯುವುದಕ್ಕಲ್ಲ. ಸುಮತಿ ಅಕ್ಕ ಹಿಂದಿನ ದಿನ ವಾಶಿಗೆ ಹತ್ತಿರದ ನೇರೂಳಿನ ಒಂದು ಆಸ್ಪತ್ರೆಗೆ ಸೇರಿದ್ದಳು. ಸೋಮವಾರ ಬೆಳಿಗ್ಗೆ ಅವಳಿಗೆ ಹೃದಯದ ಆಪರೇಷನ್. ಆಪರೇಷನ್ ಚೆನ್ನಾಗಿ ಆಯಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಕೊನೆ ಗೊತ್ತಿಲ್ಲದೆ ಓದುವ ಕಷ್ಟ ನನಗೆ ಗೊತ್ತು. ಆದರೆ ಆ ಭಾನುವಾರ ನಮಗೆ ಗೊತ್ತಿರಲಿಲ್ಲ. ಠಾಕುರ್ಲಿಯಲ್ಲಿ ಅರ್ಧ ಊರಿನ ರವಿಕೆ ಹೊಲಿದು, ಗಂಡ ಹೋದ ಮೇಲೆ ಒಬ್ಬಳೇ ಮಗನನ್ನು ದಡ ಹತ್ತಿಸಿದ ಅಕ್ಕ ಫೋನಿನಲ್ಲಿ ಸಣ್ಣ ದನಿಯಲ್ಲಿ ಹೇಳಿದ್ದಳು: “ನಾಲ್ಕೈದು ದಿನದಿಂದ ನಿದ್ದೆಯೇ ಇಲ್ಲ ಮಾರಾಯ. ಕಣ್ಣು ಮುಚ್ಚಿದ್ರೆ ಮತ್ತೆ ಏಳ್ಲಿಕ್ಕಿಲ್ಲ ಅಂತ ಹೆದರಿಕೆ ಆಗ್ತದೆ. ಮಗನ ಎದುರು ಹೇಳ್ಲಿಕ್ಕೆ ಆಗುದಿಲ್ಲ, ನಿನಗೆ ಹೇಳಿದೆ.”

ನಾನು ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಇರುವವನು, ಸಮಾಧಾನದ ಮಾತು ನನ್ನ ಖಾತೆಗೆ ಬರುವುದಿಲ್ಲ. ಫೋನಿಟ್ಟ ಮೇಲೆ ಲಾಟೀನಿನ ಪುಸ್ತಕ ನೆನಪಾಯಿತು.

ನಾವು ಪುಸ್ತಕಗಳನ್ನು ಮುಖದ ಚಿತ್ರದಿಂದ ಗುರುತಿಸುತ್ತಿದ್ದೆವು. ಹುಲಿಯ ಪುಸ್ತಕ, ಹಡಗಿನ ಪುಸ್ತಕ, ಹಾಗೆ ಇದು ಲಾಟೀನಿನದು. ಕೈಯಲ್ಲಿ ಲಾಟೀನು ಹಿಡಿದು ಬೆಟ್ಟ ಹತ್ತುವ ಹುಡುಗ, ಹಿಂದೆ ಒಂದು ಕುಂಟ ಆಡು. ಅದು ಮನೆಗೆ ಬಂದಾಗ ಅಮ್ಮ ಠಾಣೆಯ ಆಸ್ಪತ್ರೆಯಲ್ಲಿದ್ದಳು, ಕಾಮಾಲೆ ಜೋರಾಗಿತ್ತು. ಅಪ್ಪ ಹೋಟೆಲಿನಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಹೋಟೆಲು. ಅಕ್ಕ ಶಾಲೆ ಬಿಟ್ಟು ಅನ್ನ ಬೇಯಿಸುತ್ತಿದ್ದಳು, ನಾನು ಉಣ್ಣದೆ ಮಲಗದೆ ಹಟ ಹಿಡಿದು ಅವಳನ್ನು ಸತಾಯಿಸುತ್ತಿದ್ದೆ. ಆಗ ಅವಳು ಆ ಪುಸ್ತಕ ತೆಗೆದಳು. ಒಬ್ಬ ಹುಡುಗನ ತಾಯಿಗೆ ಕಾಯಿಲೆ. ಬೆಟ್ಟದ ಮೇಲೆ ಒಂದು ಬೇರು ಸಿಗುತ್ತದೆ, ಅದನ್ನು ತೇದು ಕುಡಿಸಿದರೆ ಗುಣವಾಗುತ್ತದೆ. ಹುಡುಗ ಹೊರಡುತ್ತಾನೆ. ಹೊಳೆ ದಾಟುತ್ತಾನೆ, ಕಳ್ಳರಿಂದ ತಪ್ಪಿಸಿಕೊಳ್ಳುತ್ತಾನೆ, ಬೇರು ಕಿತ್ತು ಬೆಟ್ಟ ಇಳಿಯುತ್ತಾನೆ. ಅಲ್ಲಿಗೆ ಪುಟ ಮುಗಿದಿತ್ತು. “ನೋಡು, ಇದಕ್ಕೂ ಕೊನೆ ಇಲ್ಲ” ಎಂದು ಅಕ್ಕ ತೋರಿಸಿದಳು. ಆಮೇಲೆ ಅವಳೇ ಹೇಳಿದಳು: ಹುಡುಗ ಬೇರು ತೇದು ಕುಡಿಸಿದ, ತಾಯಿ ಎದ್ದು ಕೂತಳು, ಕೂತವಳೇ “ಕೆಸರು ಕಾಲಲ್ಲಿ ಒಳಗೆ ಬಂದಿಯಾ? ಹೋಗು, ತೊಳೆದು ಬಾ” ಎಂದು ಬೈದಳು. ನಮ್ಮ ಅಮ್ಮ ಬೈಯುವುದೇ ಹಾಗೆ. ನನಗೆ ಅದನ್ನು ಕೇಳಿ ಎಷ್ಟು ಧೈರ್ಯ ಬಂತೆಂದರೆ, ಅಂದು ಅನ್ನ ಉಂಡು ಮಲಗಿಬಿಟ್ಟೆ. ಕೆಲವು ದಿನಗಳಲ್ಲಿ ಅಮ್ಮ ಮನೆಗೆ ಬಂದಳು, ಮೊಮ್ಮಕ್ಕಳನ್ನು ಬೈಯುವಷ್ಟು ಕಾಲ ಬದುಕಿದಳು.

ಆ ಪುಸ್ತಕ ಚಾಳು ಬಿಟ್ಟಾಗ ಎಲ್ಲೋ ಹೋಯಿತು. ಮೇಳದಲ್ಲಿ ಹಳೆಯ ಪುಸ್ತಕ ಮಾರುವವರೂ ಬರುತ್ತಾರೆ ಎಂದು ಮೈತ್ರಿ ಹೇಳಿದ್ದಳು. ನನ್ನನ್ನು ಮಲಗಿಸಿದ ಕಥೆ ಅಕ್ಕನನ್ನೂ ಮಲಗಿಸಲಿ ಎಂದು ನನ್ನ ಲೆಕ್ಕಾಚಾರ.

ಮಾರಾಟದ ಸಭಾಂಗಣದ ಬಾಗಿಲಲ್ಲಿ ನಾನು ಸ್ವಲ್ಪ ಹೊತ್ತು ದಿಕ್ಕುತಪ್ಪಿ ನಿಂತೆ. ಕೀಚೈನು, ಟೀಶರ್ಟು, ಬಣ್ಣಬಣ್ಣದ ಕತ್ತಿ, ಪೆಟ್ಟಿಗೆಯಿಂದ ಎಂದೂ ಹೊರಗೆ ಬರದ ಗೊಂಬೆಗಳು. ಗೊಂಬೆ ಕೊಂಡು ಪೆಟ್ಟಿಗೆ ತೆರೆಯದೇ ಇಡುವವರಿದ್ದಾರೆ ಎಂದು ನನಗೆ ಅಂದೇ ತಿಳಿದದ್ದು. ಸುತ್ತ ನೀಲಿ ಮೈಯವರು, ಕೋಡಿನವರು, ಮುಖವಾಡದವರು. ಮೈತ್ರಿಯ ಜೊತೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತು. ಇಸ್ತ್ರಿ ಮಾಡಿದ ಪೂರ್ತೋಳಿನ ಅಂಗಿ ಹಾಕಿದ್ದ ನನ್ನನ್ನು ನೋಡಿ ಒಬ್ಬ ಹುಡುಗಿ, “ಅಂಕಲ್, ಆಪ್ ಕೌನ್ ಬನೇ ಹೋ?” ಎಂದು ಕೇಳಿದಳು. ಆಫೀಸಿನ ಗುಮಾಸ್ತನ ವೇಷ ಎಂದು ಹೇಳಿದೆ. “ಸೋ ರಿಯಲ್!” ಎಂದು ಮೆಚ್ಚಿಕೊಂಡು ಹೋದಳು.

ಮೊದಲ ಮಳಿಗೆಯಲ್ಲಿ ಲಾಟೀನಿನ ಪುಸ್ತಕ ಉಂಟೇ ಎಂದು ವಿಚಾರಿಸಿದೆ. ಅಲ್ಲಿದ್ದ ತರುಣ ಭಕ್ತಿಯಿಂದ, “ಕೌನ್ಸಾ ಯೂನಿವರ್ಸ್, ಸರ್?” ಎಂದು, ಅದು ಯಾವ ಲೋಕದ ಕಥೆ ಎಂದು ಕೇಳಿದ. “ಕಳವಾ” ಎಂದೆ. ಅವನು ಮೊಬೈಲಿನಲ್ಲಿ ಹುಡುಕತೊಡಗಿದ. ಎರಡನೆಯವನು ಪ್ರಕಾಶಕರ ಹೆಸರು ಕೇಳಿದ, ಮೂರನೆಯವನು ಸಂಚಿಕೆಯ ಸಂಖ್ಯೆ ಕೇಳಿದ. ನನಗೆ ಗೊತ್ತಿದ್ದದ್ದು ಒಂದು ಲಾಟೀನು ಮತ್ತು ಒಂದು ಕುಂಟ ಆಡು. ಮೈತ್ರಿ ನಡುನಡುವೆ ಬಂದು, “ಪಪ್ಪಾ, ಮಿಲಾ ಕ್ಯಾ?” ಎಂದು ಕೇಳಿ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಇಲ್ಲ ಎಂದರೆ ಅವಳು ಹಿಂದಿಯಲ್ಲಿ ಧೈರ್ಯ ಹೇಳುತ್ತಿದ್ದಳು. ನಮ್ಮ ಮನೆಯ ವ್ಯವಹಾರವೇ ಹಾಗೆ.

ಅವಳೊಂದಿಗೆ ನಾನಾಡಿದ ಕನ್ನಡ ಕೇಳಿ, ರಟ್ಟಿನ ಪೆಟ್ಟಿಗೆ ಹೊತ್ತು ಹೋಗುತ್ತಿದ್ದ ಒಬ್ಬ ಹಮಾಲ ನಿಂತ. “ನಮ್ಮ ಕಡಿಯವರೇನ್ರೀ? ಏನ್ ಹುಡುಕ್ಲಿಕತ್ತೀರಿ?” ಕಲಬುರಗಿಯ ಕಡೆಯವನು. ಹಳೆಯ ಪುಸ್ತಕ ಎಂದೆ. “ಹಳೀವು ಇಲ್ಲಿ ಎಲ್ಲಿ ಸಿಗತಾವ್ರೀ? ಆ ಹಿಂದಿನ ಮೂಲ್ಯಾಗ ಹೋಗ್ರಿ. ಮುಂಜಾನಿ ತಗಡಿನ ಟ್ರಂಕ್ ನಾನೇ ಇಳಿಸೀನಿ, ಬೆನ್ನು ಮುರದಂಗ ಆತು” ಎಂದು ಗದ್ದದಿಂದ ದಿಕ್ಕು ತೋರಿಸಿ ಹೋದ.

ಆ ಮೂಲೆಯಲ್ಲಿ ಕಲ್ಯಾಣದ ಸಾಠೆ ಕಾಕಾ ಎಂಬ ವ್ಯಾಪಾರಿ ಕೂತಿದ್ದರು. ಸುತ್ತ ಟ್ರಂಕುಗಳು, ಒಂದೊಂದು ಪುಸ್ತಕಕ್ಕೂ ಒಂದೊಂದು ಪ್ಲಾಸ್ಟಿಕ್ ಕವಚ. ನಮ್ಮ ಅಪ್ಪನ ಕೌಂಟರಿನ ಸರಕು ಇಲ್ಲಿ ಒಡವೆಯಾಗಿ ಕೂತಿತ್ತು. ಕಾಕಾ ಮಾತುಗಾರರು. ನಾನು ಲಾಟೀನು ಎನ್ನುವಷ್ಟರಲ್ಲಿ ತಾವು ಯಾವ ಯಾವ ಊರಿನ ರದ್ದಿಯಲ್ಲಿ ಏನೇನು ಹೆಕ್ಕಿದ್ದೆಂದು ಶುರುಮಾಡಿದರು. ನಾನು ಆಡಿನ ಕಾಲು ಕುಂಟು ಎಂದಾಗ ಮಾತ್ರ ನಿಲ್ಲಿಸಿದರು. “ಲಂಗಡೀ ಬಕರೀ!” ಎಂದು ಎದ್ದು, ಮೂರನೆಯ ಟ್ರಂಕಿನಿಂದ ತೆಗೆದರು.

ಅದೇ ಹುಡುಗ. ಅದೇ ಲಾಟೀನು, ಅದೇ ಆಡು. ನಾನು ಕೈ ಚಾಚಿದೆ. “ಹಾಥ್ ಮತ್ ಲಗಾವೋ, ಸಾಹೇಬ್. ಕಂಪ್ಲೀಟ್ ಕಾಪಿ ಹೈ” ಎಂದು ಕಾಕಾ ಪುಸ್ತಕವನ್ನು ಎದೆಗೊತ್ತಿಕೊಂಡರು. ಬೆಲೆ ಕೇಳಿದ ಮೇಲೆ ನನ್ನ ಕೈ ತಾನಾಗಿಯೇ ಹಿಂದೆ ಬಂತು. ಆದರೂ ಒಳ್ಳೆಯ ಮನುಷ್ಯ. ಕೈ ಒರೆಸಿಕೊಂಡು, ಕವಚ ತೆಗೆದು, ತಾವೇ ಒಂದೊಂದಾಗಿ ಪುಟ ಮಗುಚಿ ತೋರಿಸಿದರು. ಈಗ ನನಗೂ ಹಿಂದಿ ಬರುತ್ತದೆ, ಯಾರ ಹಂಗೂ ಬೇಕಿಲ್ಲ. ಹೊಳೆ ಬಂತು, ಕಳ್ಳರು ಬಂದರು, ಬೇರು ಸಿಕ್ಕಿತು, ಹುಡುಗ ಬೆಟ್ಟ ಇಳಿದ. ಕಾಕಾ ಕೊನೆಯ ಪುಟ ಮಗುಚಿದರು.

ಅಲ್ಲಿ ತಾಯಿ ಸತ್ತಿದ್ದಳು. ಹುಡುಗ ಬರುವ ಮೊದಲೇ. ಅರ್ಧ ಪುಟದಷ್ಟು ದೊಡ್ಡದಾಗಿ ಊರ ದೇವಿಯ ಗುಡಿ, ದೇವಿಯ ಮುಖ, ಅವಳ ಪಾದದಲ್ಲಿ ಆ ಬೇರು. ಮೆಟ್ಟಿಲ ಮೇಲೆ ಹುಡುಗ ತಲೆ ತಗ್ಗಿಸಿ ಕೂತಿದ್ದ, ಪಕ್ಕದಲ್ಲಿ ಆಡು. ಮುಗಿಯಿತು.

ಮಕ್ಕಳ ಪುಸ್ತಕಕ್ಕೆ ಇಂಥ ಕೊನೆ ಬರೆದವನ ಮೇಲೆ ನನಗೆ ಸಿಟ್ಟೇ ಬಂತು. ಆದರೆ ಪಾರ್ಸೆಲ್ ಕಟ್ಟುವವನ ಮಗ ನೋಡಿ, ಇನ್ನೊಂದು ವಿಷಯ ತಲೆಗೆ ಹೊಳೆಯಿತು. ಅಪ್ಪ ಹಿಂದಿನಿಂದ ಹರಿಯುವವರು. ಹರಿಯಲು ಹಿಡಿದರೆ ಮೊದಲು ಕೈಗೆ ಬರುವುದೇ ಈ ಪುಟ, ದೇವಿಯ ಮುಖ. ಅಪ್ಪ ಈ ಪುಸ್ತಕ ಮುಟ್ಟಿರಲಾರರು. ಇದು ನಮ್ಮ ಮನೆಗೆ ಇಡಿಯಾಗಿಯೇ ಬಂದಿರಬೇಕು. ಹಾಗಾದರೆ ಪುಟ ಎಲ್ಲಿ ಹೋಯಿತು?

ಇದೇ ಪುಸ್ತಕ ಇನ್ನೊಂದಿದೆ ಎಂದರು ಕಾಕಾ, ನನ್ನ ಯೋಚನೆಯನ್ನು ಬೆಲೆಯ ಚಿಂತೆ ಎಂದುಕೊಂಡು. “ಲೇಕಿನ್ ವೋ ಅಧೂರಾ ಹೈ. ಆಖ್ರೀ ಪನ್ನಾ ಫಟಾ ಹುವಾ.” ಯಾರೋ ಕೊನೆಯ ಹಾಳೆಯನ್ನು ಎಳೆದು ಕಿತ್ತಿದ್ದ ಪ್ರತಿ, ಮುದುಡಿದ ಅಂಚು, ಕವಚವೂ ಇರಲಿಲ್ಲ. ನನಗೆ ಅದೇ ಬೇಕು ಎಂದೆ. ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಆ ಸಭಾಂಗಣಕ್ಕೆ ಬಂದವರೆಲ್ಲ ಒಂದು ಸುಕ್ಕು, ಒಂದು ಚುಕ್ಕೆ ಇಲ್ಲದ್ದು ಕೊಡಿ ಎಂದು ಪೀಡಿಸುವವರು. ಪುಟ ಇಲ್ಲದ್ದೇ ಕೊಡಿ ಎಂದವ ನಾನೊಬ್ಬನೇ ಇರಬೇಕು. “ಪೂರಾ ದಿಖಾಯಾ, ಫಿರ್ ಭೀ ಅಧೂರಾ?” ಎಂದು ಗೊಣಗುತ್ತ ಕಾಗದದಲ್ಲಿ ಸುತ್ತಿ ಕೊಟ್ಟರು.

ಎರಡು ಪ್ರತಿಗಳ ವಿಷಯವನ್ನು ದಾರಿಯಲ್ಲಿ ಮೈತ್ರಿಗೆ ಹೇಳಿದೆ. ನೇರೂಳಿನ ಆಸ್ಪತ್ರೆಯಲ್ಲಿ ಸಂಜೆ ಭೇಟಿಯ ಹೊತ್ತು. ಬಾಗಿಲಲ್ಲಿ ಕಾವಲುಗಾರ ಮೈತ್ರಿಯ ರೆಕ್ಕೆಗಳನ್ನು ಕಳಚಿಸಿ ತನ್ನ ಮೇಜಿನ ಹಿಂದೆ ಇಟ್ಟುಕೊಂಡ. ಅಕ್ಕ ಮಂಚದ ಮೇಲೆ ಕೂತಿದ್ದಳು. ನಾವು ಒಳಗೆ ಕಾಲಿಟ್ಟದ್ದೇ ಆಸ್ಪತ್ರೆಯ ಅಂಗಿಯ ಮೇಲೆ ದೂರು: “ಇದು ಹೊಲಿಗೆಯಾ? ಅಂಚು ಮಡಚಿಯೇ ಇಲ್ಲ. ನನ್ನ ಹತ್ರ ಇಂಥದ್ದು ಹೊಲಿದ ಹುಡುಗಿಯನ್ನು ಓಡಿಸ್ತಿದ್ದೆ.” ದನಿ ಹಳೆಯದೇ, ಕಣ್ಣು ಮಾತ್ರ ಕೆಂಪಾಗಿ ಒಳಗೆ ಇಳಿದಿತ್ತು. ಮೈತ್ರಿಯ ಬೆಳ್ಳಿ ಕೂದಲು ಮುಟ್ಟಿ ನೋಡಿ, “ನನಗಿಂತ ಬೇಗ ನಿನಗೆ ಹಣ್ಣಾಯ್ತಾ ಮಗಾ?” ಎಂದಳು.

ನಾನು ಪುಸ್ತಕ ಕೊಟ್ಟೆ. ಅಕ್ಕ ಸ್ವಲ್ಪ ಹೊತ್ತು ಮುಖಪುಟವನ್ನೇ ನೋಡಿದಳು. ಆಮೇಲೆ ಮಗುಚಿ, ಹಿಂದಿನ ಅಂಚಿನ ಮೇಲೆ ಬೆರಳಾಡಿಸಿದಳು.

“ಇಡೀದು ಸಿಗ್ಲಿಲ್ವಾ?”

“ಇಲ್ಲ ಅಕ್ಕ. ಇದೊಂದೇ ಇದ್ದದ್ದು.”

ಮೈತ್ರಿ ಛಾವಣಿ ನೋಡತೊಡಗಿದಳು. ಅಕ್ಕ ನನ್ನನ್ನೇ ನೋಡಿ, “ಸುಳ್ಳು ಹೇಳುವಾಗ ನಿನ್ನ ಕಿವಿ ಈಗ್ಲೂ ಕೆಂಪಾಗ್ತದೆ. ನೀನು ಓದಿದ್ದಿ. ಓದಿಯೇ ಇದನ್ನು ತಂದದ್ದು” ಎಂದಳು.

“ಅಪ್ಪ ಆ ಪುಟ ಹರಿದಿರ್ಲಿಕ್ಕಿಲ್ಲ, ಅಲ್ವಾ? ಅದರಲ್ಲಿ ದೇವಿ ಇದ್ದಾಳೆ.”

“ಅಪ್ಪ ಎಲ್ಲಿ ಹರೀತಾರೆ! ಇಡೀ ಪುಸ್ತಕ ತಂದುಕೊಟ್ಟಿದ್ರು. ನಿನಗೆ ಓದಿ ಹೇಳುವ ಅಂತ ನಾನು ಮೊದಲು ಒಬ್ಬಳೇ ಕೂತು ಓದಿದೆ. ಅಪ್ಪನ ಗಡ್ಡದ ಬ್ಲೇಡಲ್ಲಿ ಆ ಪುಟ ತೆಗೆದೆ. ಹೀಗೆ ಬಟ್ಟೆ ಹರಿದ ಹಾಗಲ್ಲ, ನೇರ ತೆಗೆದಿದ್ದೆ. ನಿನಗೆ ಗೊತ್ತೂ ಆಗ್ಲಿಲ್ಲ.”

“ಆ ಪುಟ ಎಂತ ಮಾಡಿದಿ?”

“ದೇವಿ ಇದ್ದಳಲ್ಲ, ಒಲೆಗೆ ಹಾಕ್ಲಿಕ್ಕೆ ಆಗ್ತದಾ? ನಿನ್ನನ್ನು ಪಕ್ಕದ ಮನೆಯಲ್ಲಿ ಕೂರಿಸಿ ಕಳವಾ ಸೇತುವೆಗೆ ಹೋದೆ. ನಿರ್ಮಾಲ್ಯ ಬಿಟ್ಟ ಹಾಗೆ ಖಾಡಿಯಲ್ಲಿ ಬಿಟ್ಟೆ. ಅಮ್ಮನನ್ನು ನೀನು ಕರ್ಕೊಳ್ಬೇಡ, ನಮಗೆ ಕಳಿಸು ಅಂತ ಕೈ ಮುಗಿದೆ.”

ಹನ್ನೆರಡು ವರ್ಷದ ಹುಡುಗಿ ಆ ಪುಟವನ್ನು ಒಬ್ಬಳೇ ಓದಿ, ಒಬ್ಬಳೇ ನಡೆದು ಹೋಗಿ ನೀರಿಗೆ ಬಿಟ್ಟು ಬಂದು, ನನಗೆ ಅನ್ನ ಕಲಸಿ ಕೊಟ್ಟಿದ್ದಳು. ಅಮ್ಮ ಮನೆಗೆ ಬರುವವರೆಗೆ ಅವಳು ಹೇಗೆ ಮಲಗಿದ್ದಳೋ, ಮಲಗಿದ್ದಳೋ ಇಲ್ಲವೋ. ನಾನು ಗೊರಕೆ ಹೊಡೆದು ಮಲಗಿದ್ದೆ. ಮೂಗು ಸೀಟುವ ನೆವದಲ್ಲಿ ಮುಖ ತಿರುಗಿಸಿದೆ.

“ಈಗ ಹೇಳು” ಎಂದು ಅಕ್ಕ ದಿಂಬಿಗೆ ಒರಗಿದಳು. “ಹುಡುಗ ಬೆಟ್ಟ ಇಳಿದ ಮೇಲೆ ಎಂತ ಆಯ್ತು?”

“ನೀನೇ ಹೇಳಿದ್ದಲ್ವಾ ಅಕ್ಕ. ತಾಯಿ ಎದ್ದು ಕೂತಳು...”

“ಅದು ನಾನು ನಿನಗೆ ಹೇಳಿದ್ದು. ನನಗೆ ಯಾರೂ ಹೇಳ್ಲಿಲ್ಲ.”

ಮೈತ್ರಿ ಛಾವಣಿ ನೋಡುವುದನ್ನು ಬಿಟ್ಟು ನನ್ನ ಮುಖ ನೋಡಿದಳು. ನಾನು ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆ. ಕೂಡುವುದು ಕಳೆಯುವುದು ಬಿಟ್ಟು ಜನ್ಮದಲ್ಲಿ ಏನನ್ನೂ ಕಟ್ಟಿದವನಲ್ಲ ನಾನು. ಹುಡುಗ ಬೆಟ್ಟ ಇಳಿದ ಎಂದೆ. ಗಾಳಿ ಬಂತು ಎಂದೆ. ಗಾಳಿಗೆ ಲಾಟೀನು ಆರಿತು ಎಂದೆ. “ಯಾಕೆ ಆರಿಸಿದಿ? ಪಾಪ, ಸಣ್ಣ ಹುಡುಗ” ಎಂದು ಅಕ್ಕ ಕಣ್ಣು ಮುಚ್ಚಿಕೊಂಡೇ ಗದರಿದಳು. ಆರಿದರೇನು, ಆಡಿಗೆ ದಾರಿ ಗೊತ್ತಿತ್ತು, ಕುಂಟಿಕೊಂಡು ಅದು ಮುಂದೆ ಹೋಯಿತು, ಹುಡುಗ ಅದರ ಕಿವಿ ಹಿಡಿದು ನಡೆದ ಎಂದೆ. ಹೊಳೆಯ ನೀರು ಏರಿತ್ತು, ಅಂಬಿಗನನ್ನು ಕೂಗಿದ. ಅಂಬಿಗ ದೋಣಿ ತಂದ, ಹುಡುಗನ ಮುಖ ನೋಡಿ ಯಾಕಪ್ಪಾ ಇಷ್ಟು ಹೆದರಿದ್ದಿ, ನಾನು ಎಷ್ಟು ಜನರನ್ನು ದಾಟಿಸಿಲ್ಲ ಎಂದ. ದೋಣಿ ನಡುನೀರಿಗೆ ಬರುವಷ್ಟರಲ್ಲಿ ಅಕ್ಕನ ಕೈಯಿಂದ ಪುಸ್ತಕ ಮೆಲ್ಲನೆ ಜಾರಿತು. ಉಸಿರು ಒಂದೇ ಸಮನೆ ಬರುತ್ತಿತ್ತು. ನಾನು ನಿಲ್ಲಿಸಿದೆ.

“ಫಿರ್?” ಎಂದಳು ಮೈತ್ರಿ ಪಿಸುದನಿಯಲ್ಲಿ. “ಫಿರ್ ಕ್ಯಾ ಹುವಾ, ಪಪ್ಪಾ?”

ಅಕ್ಕನಿಗೆ ಎಚ್ಚರವಾಗದ ಹಾಗೆ ದನಿ ತಗ್ಗಿಸಿ ನಾನು ದೋಣಿಯನ್ನು ಮುಂದೆ ನಡೆಸಿದೆ.